ಮರದ ಹಾಲಿನ ನಲ್ಲಿ

ನಮ್ಮ ಮನೆಯವರನ್ನು ಪರಿಚಯ ಮಾಡಿಕೊಡು ಎಂದು ಯಾರಾದರೂ ಕೇಳಿದರೆ ನಾನು ಗೋಡೆಯ ಮೇಲಿನ ಫೋಟೊ ತೋರಿಸುವವಳಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ನೀರಿನ ಕಟ್ಟೆಯ ವಿಚಾರ ಹೇಳುತ್ತೇನೆ. ಒಬ್ಬೊಬ್ಬರದೂ ಒಂದೊಂದು ಪಾತ್ರೆ ಅಲ್ಲಿ ಸಾಲಾಗಿ ಕೂತಿರುತ್ತಿತ್ತು. ಯಾರದನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎನ್ನುವುದು ತಿಳಿದರೆ ನಮ್ಮ ಮನೆಯ ಜಾತಕವೆಲ್ಲ ತಿಳಿದ ಹಾಗೆ.

ಗೋಡೆಗೆ ಒತ್ತಿಕೊಂಡು ಮೊದಲು ಇದ್ದದ್ದು ದೇವರ ತಾಮ್ರದ ಬಿಂದಿಗೆ. ಅದರ ಪಕ್ಕದಲ್ಲಿ ನಮ್ಮ ಮಾವನವರು ವೈದ್ಯನಾಥಯ್ಯನವರ ಪಂಚಪಾತ್ರೆ, ಉದ್ಧರಣೆ. ಮಾವನವರು ವೈದ್ಯನಾಥಪುರದ ಕಡೆ ಪೌರೋಹಿತ್ಯ ಮಾಡಿಕೊಂಡಿದ್ದವರು. ಉಬ್ಬಸ ಜೋರಾದ ಮೇಲೆ ಅದನ್ನು ಬಿಟ್ಟು, ಜಗುಲಿಯ ಮೇಲೆ ಕೂತು ಹೋಗುವವರಿಗೂ ಬರುವವರಿಗೂ ಪಂಚಾಂಗ ಹೇಳುತ್ತಿದ್ದರು. ಸಾಧು ಮನುಷ್ಯ. ಸಿಟ್ಟು ಬಂದರೆ ಕೆಮ್ಮುತ್ತಿದ್ದರು, ಅಷ್ಟೇ. ಆಮೇಲೆ ಇದ್ದದ್ದು ನಮ್ಮ ಯಜಮಾನರ ಕಂಚಿನ ಲೋಟ. ಅದು ಕಟ್ಟೆಯ ಮೇಲೆ ಇದ್ದದ್ದಕ್ಕಿಂತ ಮನೆಯ ಬೇರೆ ಕಡೆ ಇದ್ದದ್ದೇ ಹೆಚ್ಚು. ಕಿಟಕಿಯಲ್ಲಿ, ಮಂಚದ ಕೆಳಗೆ, ಒಂದು ಸಲ ಸೈಕಲ್ಲಿನ ಕ್ಯಾರಿಯರ್ ಮೇಲೂ ಸಿಕ್ಕಿತ್ತು. ಅವರ ಹೆಸರು ವೆಂಕಟೇಶಮೂರ್ತಿ. ಆಗ ಹೆಂಡತಿಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬರೆದರೆ ದೋಷವಿಲ್ಲ ಎಂದುಕೊಂಡು ಬರೆದಿದ್ದೇನೆ. ಕೊನೆಗೆ ದೊಡ್ಡ ಹಿತ್ತಾಳೆಯ ಕೊಳದಪ್ಪಲೆ. ಮನೆಮಂದಿಯೆಲ್ಲ ಕುಡಿಯುವ, ಅಡುಗೆಗೆ ಬಳಸುವ ನೀರು ಅದರಲ್ಲಿ. ಅದನ್ನು ಬೆಳಿಗ್ಗೆ ತುಂಬುವ ಕೆಲಸ ನನ್ನದು. ನಾನು ಪಂಕಜ, ಆ ಮನೆಯ ಒಬ್ಬಳೇ ಸೊಸೆ.

ಇನ್ನೊಂದು ಪಾತ್ರೆ ಇತ್ತು. ಸಾಲಿನ ಆಚೆ ತುದಿಯಲ್ಲಿ ಒಂದು ಪುಟ್ಟ ಗಿಂಡಿ, ಮಗುವಿನ ಬಾಯಿಗೆ ಸರಿಯಾದ ಮೂತಿಯಿದ್ದದ್ದು, ಸದಾ ಬೋರಲು. ನಾನು ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಅದನ್ನು ಪೆಟ್ಟಿಗೆಯಿಂದ ತೆಗೆದು, ಹುಣಿಸೆಹಣ್ಣು ಹಚ್ಚಿ ಬೆಳಗಿ ಅಲ್ಲಿ ಬೋರಲು ಹಾಕಿದ್ದರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅತ್ತೆಯ ಪಾತ್ರೆ ಯಾವುದು ಎಂದು ಕೇಳುತ್ತೀರಿ. ಅವರಿಗೆ ಬೇರೆ ಪಾತ್ರೆ ಇರಲಿಲ್ಲ. ಆ ಕಟ್ಟೆಯೇ ಅವರದು.

ನಮ್ಮ ಅತ್ತೆ ಯಶೋದಮ್ಮ ಹುಟ್ಟಿದ್ದು, ಕೊಟ್ಟದ್ದು, ಬಾಳಿದ್ದು ಎಲ್ಲ ಶಿಂಷಾ ದಡದಲ್ಲೇ. ಬೆಳಗಿನ ಜಾವ ಹೊಳೆಗಿಳಿದು, ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಕೊಡ ತುಂಬಿಕೊಂಡು, ದಾರಿಯಲ್ಲಿ ಯಾರ ನೆರಳೂ ಸೋಕದ ಹಾಗೆ ಮನೆಗೆ ಬರುವುದು ಅವರ ಮಡಿ. ಎದುರಿಗೆ ಯಾರಾದರೂ ಬಂದರೆ ಸರಿಯಬೇಕಾದವರು ಬಂದವರು, ಅತ್ತೆಯಲ್ಲ. ಊರಿನಲ್ಲಿ ಯಾರ ಮನೆಯ ಶ್ರಾದ್ಧ ವೈದಿಕವಾದರೂ ಅಡುಗೆಗೆ ಅವರನ್ನೇ ಕರೆಯುತ್ತಿದ್ದರು. ‘ಯಶೋದಮ್ಮನ ಕೈ ಅಡುಗೆ’ ಎಂದರೆ ಶಾಸ್ತ್ರಿಗಳು ಎರಡನೇ ಮಾತಾಡದೆ ಎಲೆಯ ಮುಂದೆ ಕೂರುತ್ತಿದ್ದರು. ಬೇರೆಯವರಿಗೆ ಒಡವೆ ವಸ್ತ್ರ ಹೇಗೋ ಅತ್ತೆಗೆ ಆ ಮಾತು ಹಾಗೆ.

ಮಂಡ್ಯ ಜಿಲ್ಲೆಯಾದ ಮರುವರ್ಷ ನಮ್ಮವರಿಗೆ ಅಲ್ಲಿನ ಕಚೇರಿಯಲ್ಲಿ ಗುಮಾಸ್ತೆ ಕೆಲಸವಾಯಿತು. ಮನೆ ಸಾಮಾನು ಎರಡು ಗಾಡಿ, ದೇವರ ಪೆಟ್ಟಿಗೆ ಅತ್ತೆಯ ಮಡಿಲಲ್ಲಿ. ಗೆಜ್ಜಲಗೆರೆ ದಾಟುವವರೆಗೂ ಅತ್ತೆ ಹಿಂದಕ್ಕೇ ತಿರುಗಿ ನೋಡುತ್ತಿದ್ದರು. ಮಂಡ್ಯದಲ್ಲಿ ಹೊಳೆಯಿಲ್ಲ. ಬೀದಿಯ ಕೊನೆಯಲ್ಲಿ ಒಂದು ಸೇದುವ ಬಾವಿ, ಆಳವಾದದ್ದು. ಅತ್ತೆ ಮೊದಲ ದಿನ ಹೋಗಿ ಬಗ್ಗಿ ನೋಡಿ, ಒಂದು ಕೊಡ ಸೇದಿ, ಬೊಗಸೆಯಲ್ಲಿ ಬಾಯಿಗೆ ಹುಯ್ದುಕೊಂಡು, “ಹೊಳೆಯಲ್ಲ. ಆದರೂ ಪರವಾಗಿಲ್ಲ” ಎಂದರು. ಅವರ ಬಾಯಿಂದ ಬಂದ ‘ಪರವಾಗಿಲ್ಲ’ ಬೇರೆಯವರ ಬಾಯಿಯ ಹೊಗಳಿಕೆಗಿಂತ ದೊಡ್ಡದು.

ನಲ್ಲಿ ತಂದವರು ನಮ್ಮ ಯಜಮಾನರು. ಊರಿಗೆ ನೀರಿನ ತೊಟ್ಟಿ ಕಟ್ಟಿ, ಬೀದಿಯಲ್ಲಿ ಕೊಳವೆ ಹೂತಿದ್ದೇ ತಡ, ಮನೆಯೊಡೆಯರನ್ನು ಕಾಡಿ ಬೇಡಿ ನಮ್ಮ ಹಿತ್ತಲಿಗೂ ಒಂದು ನಲ್ಲಿ ಹಾಕಿಸಿದರು. ಅದನ್ನು ಜೋಡಿಸಿದವನು ಮಕ್ಸೂದ್. ಗುತ್ತಲು ರಸ್ತೆಯ ಕಡೆ ಸೈಕಲ್ ರಿಪೇರಿ ಇಟ್ಟುಕೊಂಡು ಪೈಪಿನ ಕೆಲಸವನ್ನೂ ಮಾಡುತ್ತಿದ್ದ, ಹೊಸದಾಗಿ ಮದುವೆಯಾಗಿದ್ದ ಹುಡುಗಾಟದ ಆಳು. ಬಾಯಿ ತುಂಬ ಮಾತು. ಅತ್ತೆ ಅವನನ್ನು ಹಿತ್ತಲ ಬಾಗಿಲಿಂದ ಬರಮಾಡಿಕೊಂಡು, ಮಜ್ಜಿಗೆಯನ್ನು ಎತ್ತರದಿಂದ ಅವನ ಬೊಗಸೆಗೆ ಹುಯ್ಯುತ್ತಿದ್ದರು. ಆಗ ಹಾಗಿತ್ತು. ಅವನು ಅಷ್ಟನ್ನೂ ಗಟಗಟ ಕುಡಿದು “ಇನ್ನೊಂದ್ ದಪ ಉಯ್ಯಿ ಅಮ್ಮಾವ್ರೇ” ಎನ್ನುತ್ತಿದ್ದ.

“ಅಮ್ಮಾ, ಇನ್ನು ಮೇಲೆ ಗಂಗೆ ಮನೆ ಬಾಗಿಲಿಗೇ ಬರ್ತಾಳೆ” ಎಂದರು ನಮ್ಮವರು.

“ಬರಲಿ. ಯಾವ ದಾರೀಲಿ ಬರ್ತಾಳೆ ಅದನ್ನ ಹೇಳು” ಎಂದರು ಅತ್ತೆ.

“ಕಬ್ಬಿಣದ ಪೈಪಲ್ಲಿ.”

ಅತ್ತೆ ಸ್ವಲ್ಪ ಯೋಚನೆ ಮಾಡಿದರು. ಬಾವಿಯ ರಾಟೆಯೂ ಕಬ್ಬಿಣದ್ದೇ, ಕಬ್ಬಿಣಕ್ಕೆ ದೋಷವಿಲ್ಲ. ಹರಿಯುವ ನೀರಿಗೂ ದೋಷವಿಲ್ಲ. ಯಾವ ಶಾಸ್ತ್ರಿಯನ್ನೂ ಕೇಳದೆ ತಾವೇ ತೀರ್ಮಾನ ಮಾಡಿದರು. ಅತ್ತೆ ಒಪ್ಪಿಬಿಟ್ಟರು! ನನಗಂತೂ ಕುಣಿಯುವಷ್ಟು ಸಂತೋಷ. ಬೆಳಗಿನ ಚಳಿಯಲ್ಲಿ ಒದ್ದೆ ಸೀರೆ ಉಟ್ಟು ಬೀದಿಯ ಆ ತುದಿಯಿಂದ ಕೊಡ ಹೊತ್ತವರಿಗೇ ಗೊತ್ತು ಆ ಸುಖ. ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಾಯಿ ಒಡೆದದ್ದೂ ಆಯಿತು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮವರಿಗೆ ತೋರಿಸುವ ಚಪಲ. ತಿರುಗಿಸಿದರೆ ನೀರು ಬರುವುದು, ಮತ್ತೆ ತಿರುಗಿಸಿದರೆ ನಿಲ್ಲುವುದು ಎಷ್ಟು ಅಚ್ಚುಕಟ್ಟು ನೋಡು ಅಂತ ತಾಯಿಗೆ ಅದರ ಹೊಟ್ಟೆಯೊಳಗನ್ನೂ ತೋರಿಸಲು ಹೊರಟರು. ಮಕ್ಸೂದ್ ತಲೆ ಬಿಚ್ಚಿದ. ಒಳಗಿಂದ ಕಪ್ಪಗಿನ ಒಂದು ಬಿಲ್ಲೆ ಅವನ ಅಂಗೈಗೆ ಬಿತ್ತು.

“ಇದೇ ವಾಸರು. ಇದು ಒತ್ಕಂಡ್ರೆ ನೀರು ನಿಂತೋಯ್ತದೆ. ಗಟ್ಟಿ ತೊಗಲು ಕಣಮ್ಮ, ಐದಾರು ವರ್ಸ ಏನೂ ಆಗಕಿಲ್ಲ.”

“ಏನಂದೆ?”

“ತೊಗಲು. ಎಮ್ಮೆದೋ ಅಸೀಂದೋ, ನಂಗೇನ್ ಗೊತ್ತು.”

ನಮ್ಮವರು ಕಣ್ಸನ್ನೆ ಮಾಡಿದ್ದು ತಡವಾಯಿತು. ಅತ್ತೆ ಒಳಗೆ ಹೋದರು. ಆ ಬೆಳಿಗ್ಗೆ ನಲ್ಲಿಯ ನೀರು ತುಂಬಿದ್ದ ಪಾತ್ರೆಗಳನ್ನೆಲ್ಲ ಹೊರಗೆ ಚೆಲ್ಲಿಸಿ, ಬೂದಿ ಹುಣಿಸೆಹಣ್ಣು ಹಾಕಿ ನನ್ನ ಕೈಲಿ ಉಜ್ಜಿಸಿದರು. ಒಲೆಗೆ ಗೋಮಯ ಬಳಿಸಿದರು. ಮಾವನವರು ಜನಿವಾರ ಬದಲಾಯಿಸಿದರು. ಊಟ ಆದಾಗ ಸಕ್ಕರೆ ಕಾರ್ಖಾನೆಯ ಸಂಜೆಯ ಕೂಗು ಮುಗಿದಿತ್ತು. ನಮ್ಮವರು ತಲೆ ತಗ್ಗಿಸಿ ಉಂಡರು. ನನಗೆ ಅವರ ಮೇಲೆ ಬಂದಿದ್ದ ಸಿಟ್ಟಿಗೆ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಅದನ್ನೂ ತೆಪ್ಪಗೆ ಉಂಡರು.

ಅತ್ತೆ ಹಠಮಾರಿಯೇ ಹೊರತು ದಡ್ಡಿಯಲ್ಲ. ಒಂದು ವಾರ ಬಿಟ್ಟು ಮಕ್ಸೂದನನ್ನು ಕರೆಸಿದರು. “ಅದನ್ನ ತೆಗೆದು ಬೇರೆ ಏನಾದರೂ ಹಾಕಪ್ಪ” ಎಂದರು.

“ಮೆತ್ತಗಿರೋದೇ ಆಗ್ಬೇಕು ಅಮ್ಮಾವ್ರೇ. ಬಟ್ಟೆ ಸುತ್ತಿದ್ರೂ ಒಸಿ ದಿನ ನಡೀತದೆ.”

ಬಟ್ಟೆಯೆಂದರೆ ಯಾವ ಬಟ್ಟೆ? ಉಟ್ಟ ಬಟ್ಟೆ ಮೈಲಿಗೆ. ಹತ್ತಿಗಿಂತ ರೇಷ್ಮೆ ಮಡಿ. ಹಾಗಾಗಿ ಹಿಂದಿನ ವರ್ಷ ಗೌರಿಗೆ ಉಡಿಸಿ, ಯಾರೂ ರವಿಕೆ ಹೊಲಿಸಿಕೊಳ್ಳದೆ ತೆಗೆದಿಟ್ಟಿದ್ದ ಕೆಂಪು ರೇಷ್ಮೆಯ ಕಣವನ್ನೇ ಅತ್ತೆ ತಂದುಕೊಟ್ಟರು. ಮಕ್ಸೂದ್ ಅದನ್ನು ಹರಿದು, ಮಡಿಸಿ, ಸುತ್ತಿ ಒಳಗೆ ತುರುಕಿದ. ನೀರು ನಿಂತಿತು. ಅತ್ತೆಯ ಮುಖ ನೋಡಬೇಕಿತ್ತು, ಇಡೀ ನೀರಿನ ಇಲಾಖೆಗೇ ಬುದ್ಧಿ ಹೇಳಿದವರ ಮುಖ.

ಮಾರನೆಯ ಬೆಳಿಗ್ಗೆ ಹಾಲು ಕೊಡುವ ಸೋಮಮ್ಮ ಹಿತ್ತಲಿಗೆ ಬಂದವಳು ಕಾಲು ತೊಳೆಯಲು ನಲ್ಲಿ ತಿರುಗಿಸಿದಳು.

“ಅಯ್ಯೋ ನನ್ ಸಿವನೇ! ರಕ್ತ ಬತ್ತಾ ಅದೆ ಕಣಮ್ಮೋ! ಯಾರೋ ಬಿದ್ ಸತ್ತವ್ರೆ ತೊಟ್ಟೀಲಿ!”

ಓಡಿ ಹೋಗಿ ನೋಡಿದರೆ ಕೆಂಪು ನೀರು, ಅವಳ ಪಾದದ ಮೇಲೆಲ್ಲ ಹರಿಯುತ್ತಿದೆ. ಕ್ಷಣದಲ್ಲಿ ಬೀದಿಗೆ ಬೀದಿಯೇ ನಮ್ಮ ಹಿತ್ತಲಿಗೆ ನುಗ್ಗಿತು. ಒಬ್ಬರು ಪೊಲೀಸಿನವರನ್ನು ಕರೆಯಬೇಕು ಎಂದರು, ಇನ್ನೊಬ್ಬರು ಶಾಂತಿ ಮಾಡಿಸಬೇಕು ಎಂದರು. ಮಾವನವರು ಪಂಚಾಂಗ ಹಿಡಿದೇ ಬಂದು ನಿಂತರು. ಎಲ್ಲರ ನಡುವೆ ಅತ್ತೆ ಬಂದು, ನಲ್ಲಿಯ ಕೆಳಗೆ ಬೆರಳೊಡ್ಡಿ, ಬಣ್ಣವನ್ನು ಬೆಳಕಿಗೆ ಹಿಡಿದು ನೋಡಿದರು.

“ಗಾಬರಿ ಬೇಡ. ನಮ್ಮ ಗೌರಿ ಕಣ ಬಣ್ಣ ಬಿಟ್ಟಿದೆ. ಕಳ್ಳ ಬಣ್ಣ ಹಾಕಿದಾನೆ ನೇಯ್ದೋನು” ಎಂದು, ಬಂದವರನ್ನೆಲ್ಲ ಅವರೇ ತಪ್ಪು ಮಾಡಿದವರ ಹಾಗೆ ದುರುಗುಟ್ಟಿ ನೋಡಿ ಒಳಗೆ ಹೋದರು. ಸೋಮಮ್ಮ ಮಾತ್ರ ಎಷ್ಟೋ ದಿನ ನಮ್ಮ ನಲ್ಲಿಯ ಹತ್ತಿರ ಸುಳಿಯಲಿಲ್ಲ. ಮಕ್ಸೂದ್ ಬಂದು ಮತ್ತೆ ತೊಗಲಿನ ಬಿಲ್ಲೆಯನ್ನೇ ಹಾಕಿದ. ಅಲ್ಲಿಂದಾಚೆಗೆ ನಲ್ಲಿಯ ನೀರು ಅಂಗಳ ತೊಳೆಯಲು, ಕುಂಬಳಬಳ್ಳಿಗೆ ಹಾಕಲು. ಕುಡಿಯಲು ಬಾವಿಯೇ. ನನ್ನ ಸೊಂಟಕ್ಕೆ ಮತ್ತೆ ಕೊಡ ಬಂತು.

ಇಷ್ಟು ಹೊತ್ತು ನಗುತ್ತಾ ಹೇಳಿದೆ. ಮುಂದಿನದನ್ನು ಹಾಗೆ ಹೇಳಲಾರೆ.

ಆ ವರ್ಷದ ಕಾರ್ತಿಕದಲ್ಲಿ ನನಗೆ ಐದು ತಿಂಗಳು. ಬಾವಿಕಟ್ಟೆಯ ಮೇಲಿಂದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಾಗ ಹೊಟ್ಟೆಯೊಳಗೆ ಏನೋ ಕಿತ್ತು ಬಂದ ಹಾಗಾಯಿತು. ಕೊಡ ಕೆಳಗೆ ಹಾಕದೆ, ನೀರು ಚೆಲ್ಲದೆ ಮನೆಗೆ ಬಂದೆ. ಕೊಳದಪ್ಪಲೆಗೆ ಹುಯ್ದು ಅಲ್ಲೇ ಕೂತೆ. ಮಗು ಉಳಿಯಲಿಲ್ಲ. ನೋಡಲು ಬಂದ ಲೇಡಿ ಡಾಕ್ಟರು, ಇದು ಭಾರ ಎತ್ತದವರಿಗೂ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ನಾನು ನಂಬಲಿಲ್ಲ. ಅತ್ತೆ ನಂಬಿದರೋ ಇಲ್ಲವೋ, ಅವರು ಅದರ ಬಗ್ಗೆ ಬಾಯಿಯೇ ತೆರೆಯಲಿಲ್ಲ. ನಾನು ಎದ್ದು ಓಡಾಡುವ ಹಾಗಾದಾಗ ಒಂದೇ ಮಾತು ಹೇಳಿದರು.

“ಇನ್ನು ಮೇಲೆ ನೀರು ನಾನು ತರ್ತೀನಿ. ನೀನು ಬಾವಿ ಕಡೆ ಹೋಗಕೂಡದು.”

ಆ ದನಿಯಲ್ಲಿ ಮರುಕವಿರಲಿಲ್ಲ. ನನಗೆ ಮೈ ಉರಿದುಹೋಯಿತು. ಮಗುವನ್ನು ಕಳೆದುಕೊಂಡವಳ ಕೈಯ ನೀರು ಬೇಡವಾಯಿತೇ ಇವರಿಗೆ ಎಂದುಕೊಂಡೆ. ಬೋರಲು ಬಿದ್ದಿದ್ದ ಆ ಗಿಂಡಿಯನ್ನು ಅವರು ಮಾತ್ರ ತಪ್ಪದೆ ವಾರಕ್ಕೊಮ್ಮೆ ಬೆಳಗುತ್ತಿದ್ದರು. ಅದನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು. ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತು ಬೇಕಾದಷ್ಟೇ ಮಾತಾಡುತ್ತಿದ್ದೆವು.

ಗಂಡಸರು ಸೇದಬಾರದಾಗಿತ್ತೇ ಎಂದು ಕೇಳುತ್ತೀರಿ. ಮಾವನವರಿಗೆ ಉಬ್ಬಸ. ಮಗ ಮಡಿಯುಟ್ಟು ಹೋದದ್ದುಂಟು. ಆದರೆ ಬಾವಿಕಟ್ಟೆಯಲ್ಲಿ ಕಂಡಕಂಡವರ ಹೆಗಲ ಮೇಲೆ ಕೈ ಹಾಕಿ ಯುದ್ಧದ ಸಮಾಚಾರ ಮಾತಾಡುವ ಗುಮಾಸ್ತರ ಮಡಿ ಎಷ್ಟು ದೂರ ಬಂದೀತು! ಮಗ ತಂದ ಕೊಡವನ್ನು ಅತ್ತೆ ಬಚ್ಚಲ ಹಂಡೆಗೆ ಸುರಿದು, ಮತ್ತೆ ತಾವೇ ಹೋಗುತ್ತಿದ್ದರು. ಅವರಿಗೆ ಆಗಲೇ ಅರವತ್ತರ ಹತ್ತಿರ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ನಿಲ್ಲುತ್ತಿದ್ದರು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಸೆಟೆದು ನಡೆಯುತ್ತಿದ್ದರು.

ಮುಂದಿನ ಬೇಸಿಗೆ ಕಳೆದು ನಾನು ಮತ್ತೆ ಬಸುರಿಯಾದೆ. ಆಷಾಢದ ಗಾಳಿ, ಜಿನುಗು ಮಳೆ. ಬಾವಿಕಟ್ಟೆಯ ಪಾಚಿಯ ಮೇಲೆ ಅತ್ತೆ ಜಾರಿ ಬಿದ್ದು ಬಲಗೈ ಮುರಿಯಿತು. ಕೊಡ ಬಾವಿಯ ಪಾಲಾಯಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದವರು ನೋವು ಎನ್ನಲಿಲ್ಲ, “ಕೊಡ ಹೋಯ್ತು” ಎಂದರು.

ಮಾರನೆಯ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಇನ್ನೊಂದು ಕೊಡ ತೆಗೆದುಕೊಂಡೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು, ಕತ್ತಿನಿಂದ ಇಳಿಬಿಟ್ಟ ಬಟ್ಟೆಯಲ್ಲಿ ಕೈ.

“ಇಡು ಕೆಳಗೆ.”

“ಮತ್ತೆ ನೀರು?”

“ಇಡು ಅಂದೆ ಕಣೇ!”

ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕೊಡ ಇಟ್ಟೆ. ಆ ಬೆಳಿಗ್ಗೆ ನಮ್ಮವರು ಸೇದಿ ತಂದರು, ಅತ್ತೆ ಚೆಲ್ಲಲಿಲ್ಲ. ಚೆಲ್ಲಲು ಕೈಯಿರಲಿಲ್ಲ. ತಾವು ಮಾತ್ರ ಅದನ್ನು ಮುಟ್ಟದೆ ಒಂದು ಲೋಟ ಹಾಲು ಕುಡಿದು ಕೂತರು, ಮತ್ತು ಮಕ್ಸೂದನಿಗೆ ಹೇಳಿಕಳಿಸಿದರು.

“ತೊಗಲು ಬಿಟ್ಟು, ಬಟ್ಟೆ ಬಿಟ್ಟು, ಇನ್ನೇನಿದೆಯಪ್ಪ ನಿನ್ನ ಹತ್ತಿರ?”

“ರಬ್ಬರ್ ವಾಸರು ಅಂತ ಬತ್ತಾವೆ ಅಮ್ಮಾವ್ರೇ, ಬೆಂಗ್ಳೂರ್‌ಗೆ.”

“ರಬ್ಬರ್ ಅಂದರೆ ಯಾವ ಪ್ರಾಣೀದು?”

“ಪ್ರಾಣಿ ಅಲ್ಲ ಕಣಮ್ಮ, ಮರದ್ದು. ಮರ ಗೀರಿದ್ರೆ ಆಲು ಸುರೀತದೆ. ಅದ್ನೇ ಎಪ್ಪಾಕಿ ಗಟ್ಟಿ ಮಾಡ್ತಾರೆ.”

ಅತ್ತೆಯ ಮುಖ ಅರಳಿತು. ಹಲಸಿನ ಮರದ ಅಂಟಿನ ಹಾಗೆ, ಆಲದ ಮರದ ಹಾಲಿನ ಹಾಗೆ. ಮರದ ಹಾಲಿಗೆ ಎಲ್ಲಿಯ ಮೈಲಿಗೆ? ಒಳಗೆ ಬಂದು ಮಾವನವರಿಗೂ ನಮ್ಮವರಿಗೂ ಅದನ್ನು ಹೇಳಿದ್ದೇ ಹೇಳಿದ್ದು. ಮಾವನವರು ಎರಡು ಸಲ ಕೆಮ್ಮಿ, ವೃಕ್ಷದಿಂದ ಬಂದದ್ದಾದರೆ ಬಾಧಕವಿಲ್ಲ ಎಂದರು.

ಆದರೆ ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಮಳವಳ್ಳಿ ರಸ್ತೆಯಲ್ಲಿ ಏದುಸಿರು ಬಿಡುತ್ತಿದ್ದವು. ರಬ್ಬರು ಬರುತ್ತಿದ್ದ ಸೀಮೆಯೇ ಜಪಾನಿನವರ ಕೈ ಸೇರಿತ್ತು. ಸೈಕಲ್ ಟ್ಯೂಬಿಗೆ ತೇಪೆಯ ಮೇಲೆ ತೇಪೆ. ಮಕ್ಸೂದ್ ಹುಡುಕುತ್ತೇನೆ ಎಂದು ಹೋದ. ಅಷ್ಟರಲ್ಲಿ ನನಗೆ ಸ್ವಲ್ಪ ಕೆಂಪು ಕಂಡಿತು. ಡಾಕ್ಟರು ಬಂದು ಹಾಸಿಗೆ ಬಿಟ್ಟು ಏಳಕೂಡದು ಎಂದರು. ನಾನು ಗೋಡೆ ನೋಡಿಕೊಂಡು ಮಲಗಿದೆ, ಹೊಟ್ಟೆಯ ಮೇಲೆ ಕೈಯಿಟ್ಟು. ನಮ್ಮವರು ಒಂದು ದಿನ ನೀರು ತಂದರೆ ಒಂದು ದಿನ ತುರ್ತು ಕೆಲಸವೆಂದು ಮುಂಜಾನೆಯೇ ಕಚೇರಿಗೆ ಓಡುತ್ತಿದ್ದರು. ಅಂಥ ದಿನ ಅತ್ತೆ ಎಡಗೈಲಿ ಹಗ್ಗ ಹಿಡಿದು ಚೊಂಬು ಚೊಂಬಾಗಿ ಸೇದಿ ತರುತ್ತಿದ್ದರು. ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಇನ್ನೊಂದು ದಿನ ಹೀಗಾದರೆ ನಾನೇ ಎದ್ದು ಹೋಗುತ್ತೇನೆ ಎಂದು ಒಮ್ಮೆ ಹೇಳಿಯೂ ಬಿಟ್ಟೆ.

ಆ ಮಧ್ಯಾಹ್ನವೇ ಮಕ್ಸೂದ್ ಬಂದ. ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ಹಿತ್ತಲಲ್ಲಿ ಅತ್ತೆ, ಅವನು ಏನೋ ಮೆಲ್ಲಗೆ ಮಾತಾಡಿಕೊಂಡದ್ದು ನನಗೆ ಮಲಗಿದಲ್ಲಿಗೆ ಕೇಳಿತು, ಏನು ಮಾತೆಂದು ತಿಳಿಯಲಿಲ್ಲ. ಆಮೇಲೆ ಸ್ಪ್ಯಾನರ್ ಸದ್ದು. ಆಮೇಲೆ ನೀರು ಕೊಡಕ್ಕೆ ಬೀಳುವ ಸದ್ದು.

ಸಂಜೆ ಎಲ್ಲರೂ ಸೇರಿದಾಗ ಅತ್ತೆ ಕೊಳದಪ್ಪಲೆಯಿಂದ ಒಂದು ಲೋಟ ನೀರು ಮೊಗೆದುಕೊಂಡು ನಡುಮನೆಗೆ ಬಂದರು.

“ರಬ್ಬರ್ ಹಾಕಿಸಿದ್ದಾಯ್ತು. ಮರದ ಹಾಲು. ಇನ್ನು ಈ ಮನೇಲಿ ನಲ್ಲಿ ನೀರೇ” ಎಂದು ಎಲ್ಲರ ಎದುರಿಗೆ ಗಟಗಟನೆ ಕುಡಿದು ಲೋಟ ಬೋರಲು ಹಿಡಿದು ತೋರಿಸಿದರು. ಯಶೋದಮ್ಮನವರೇ ಕುಡಿದ ಮೇಲೆ ಇನ್ನು ಕೇಳುವವರು ಯಾರು? ಮಾವನವರು ಸಮಾಧಾನದಿಂದ ಕೆಮ್ಮಿದರು. ಆ ಸುದ್ದಿ ಬೀದಿಯಲ್ಲಿ ಹರಡಿ, ನಮ್ಮ ಜನರಲ್ಲೇ ಇನ್ನೂ ನಾಲ್ಕು ಮನೆಯವರು ಮಕ್ಸೂದನ ಹತ್ತಿರ ಹೋಗಿ ‘ಯಶೋದಮ್ಮನ ಮನೆಗೆ ಹಾಕಿದಂಥದ್ದೇ ನಮಗೂ ಹಾಕು’ ಎಂದರಂತೆ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಕೈ ಕೂಡಿದ ಮೇಲೂ ಅತ್ತೆ ದಿನಾ ಬೆಳಿಗ್ಗೆ ಮಡಿಯಲ್ಲಿ ಒಂದು ಚೊಂಬು ಹಿಡಿದು ಬಾವಿಗೆ ಹೋಗುವುದನ್ನು ಬಿಡಲಿಲ್ಲ. ಆ ನೀರು ದೇವರ ಬಿಂದಿಗೆಗೆ, ಮಾವನವರ ಪಂಚಪಾತ್ರೆಗೆ, ಮಾವನವರು ಕುಡಿಯುವುದಕ್ಕೆ. ಮರದ ಹಾಲಿಗೆ ಮೈಲಿಗೆಯಿಲ್ಲ ಎಂದಮೇಲೆ ಇದೇಕೆ ಎಂದು ಕೇಳಿದೆ. “ಮಂಡಿ ಹಿಡಿಯುತ್ತೆ, ಓಡಾಡಬೇಕು” ಎಂದರು. ಇನ್ನೊಂದು ಸಲ ಕೇಳಿದಾಗ “ದೇವರಿಗೆ ಬಾವಿ ನೀರು ರೂಢಿ” ಎಂದರು. ಮಂಡ್ಯದಲ್ಲೂ ಬೇರೆಯವರ ಮನೆಯ ವೈದಿಕದ ಅಡುಗೆಗೆ ಅವರಿಗೆ ಕರೆ ಬರುತ್ತಿತ್ತು; ಈಗ ಬಂದರೆ, ಕೈಲಾಗದು ಎಂದು ಹೇಳಿ ಕಳಿಸತೊಡಗಿದರು. ವಯಸ್ಸಾಯಿತು ಎಂದುಕೊಂಡೆವು. ಅಡುಗೆಗೆಂದು ಕರೆಯುವುದನ್ನು ಊರವರು ಒಬ್ಬೊಬ್ಬರಾಗಿ ಬಿಟ್ಟರು.

ಮಗಳು ಹುಟ್ಟಿದಳು. ತುಂಬು ತಿಂಗಳಿಗೆ, ಗಟ್ಟಿ ದನಿಯಲ್ಲಿ ಅಳುತ್ತಾ ಹುಟ್ಟಿದಳು. ಬೋರಲು ಬಿದ್ದಿದ್ದ ಗಿಂಡಿ ಎದ್ದು ಕೂತಿತು. ಅದಕ್ಕೆ ಕಾಯಿಸಿ ಆರಿಸಿದ ನಲ್ಲಿ ನೀರು ತುಂಬಿ, ಮೊಮ್ಮಗಳ ಬಾಯಿಗೆ ಹಿಡಿದವರು ಅತ್ತೆಯೇ. ನಾನು ಆ ದಿನ ಹಿತ್ತಲಿಗೆ ಹೋಗಿ ನಲ್ಲಿಯ ಹತ್ತಿರ ನಿಂತು ಚೆನ್ನಾಗಿ ಅತ್ತುಬಿಟ್ಟೆ. ಅಳು ಸಂತೋಷಕ್ಕೆ, ಕಳೆದುಹೋದದ್ದಕ್ಕೆ, ಎರಡಕ್ಕೂ.

ಸ್ವಾತಂತ್ರ್ಯ ಬಂದ ವರ್ಷ, ಮಳೆಗಾಲದ ಕೊನೆಯಲ್ಲಿ, ನಲ್ಲಿ ಸೋರಲು ಶುರುವಾಯಿತು. ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುತ್ತಿತ್ತು. ಮಕ್ಸೂದನನ್ನು ಕರೆಸಿದೆ. ಅಷ್ಟು ಹೊತ್ತಿಗೆ ಅವನಿಗೂ ಮಕ್ಕಳು, ಸ್ವಂತ ಅಂಗಡಿ, ತಲೆಯಲ್ಲಿ ಒಂದೆರಡು ಬೆಳ್ಳಿ ಕೂದಲು. ಮಜ್ಜಿಗೆ ಕುಡಿಯಲು ಅವನಿಗೊಂದು ಲೋಟ ಬಂದಿತ್ತು. ಆ ಲೋಟ ಹಿತ್ತಲ ಗೂಡಿನಲ್ಲೇ ಇರುತ್ತಿತ್ತು, ಒಳಗೆ ಬಂದಿರಲಿಲ್ಲ.

ನಲ್ಲಿಯ ತಲೆ ಬಿಚ್ಚಿ, ಒಳಗಿನ ಬಿಲ್ಲೆಯನ್ನು ಉಗುರಿನಿಂದ ಕೆದಕಿ ತೆಗೆದು ಕಟ್ಟೆಯ ಮೇಲೆ ಇಟ್ಟ. ನಾನು ಬಗ್ಗಿ ನೋಡಿದೆ. ನೀರು ಕುಡಿದು ಉಬ್ಬಿತ್ತು, ಅಂಚು ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ನಾನು ಒಂದು ಸಲ ನೋಡಿದ್ದ ಬಿಲ್ಲೆ ಅದು.

“ಮಕ್ಸೂದ್, ಇದು ರಬ್ಬರಲ್ಲ.”

ಅವನು ನನ್ನನ್ನು ನೋಡಲಿಲ್ಲ. ನನ್ನ ಹಿಂದಿದ್ದ ಅಡುಗೆಮನೆಯ ಬಾಗಿಲನ್ನು ನೋಡಿದ.

“ಅಮ್ಮಾವ್ರನ್ನೇ ಕೇಳಿ. ನಾ ಏಳಾಕಿಲ್ಲ ಅಂತ ಮಾತು ಕೊಟ್ಟಿವ್ನಿ.”

ಅತ್ತೆ ಹೊಸಿಲ ಮೇಲೆ ನಿಂತಿದ್ದರು. ಕೈಯಲ್ಲಿ ಮೊರ, ಅಕ್ಕಿ ಆರಿಸುತ್ತಿದ್ದವರು. ಸುತ್ತಿ ಬಳಸಿ ಮಾತಾಡುವುದು ಅವರಿಗೆ ಬಾರದು.

“ಆವತ್ತು ಇವನು ಬರಿಗೈಲಿ ಬಂದು ನಿಂತ. ಮಂಡ್ಯ, ಮದ್ದೂರು, ಮೈಸೂರು ಎಲ್ಲ ಕಡೆ ಹುಡುಕಿದ್ದ, ರಬ್ಬರ್ ಸಿಕ್ಕಿರಲಿಲ್ಲ. ಸುಳ್ಳು ಹೇಳಿ ತೊಗಲನ್ನೇ ರಬ್ಬರ್ ಅಂತ ಬಿಟ್ಟು ಹೋಗಬಹುದಿತ್ತು, ನನಗೇನು ಗೊತ್ತಾಗ್ತಿತ್ತು? ಹೋಗಲಿಲ್ಲ. ಒಳಗೆ ನೀನು ಮಲಗಿದ್ದೆ, ಎದ್ದು ಬಾವಿಗೆ ಹೋಗ್ತೀನಿ ಅಂತಿದ್ದೆ. ಇದ್ದದ್ದನ್ನೇ ಸರಿಯಾಗಿ ಬಿಗಿ ಮಾಡಿ ಹೋಗಪ್ಪ, ಯಾರಿಗೂ ಹೇಳಬೇಡ ಅಂದೆ.”

“ಮಾವನವರಿಗೆ?”

“ಅವರ ಬಾಯಿಗೆ, ದೇವರ ಮೇಲೆ ಆ ನೀರು ಹಾಕಿಲ್ಲ. ಅಡುಗೆಯಲ್ಲಿ ಬೆಂದು ಹೋಗಿದ್ದಕ್ಕೆ ನಾನು ಜವಾಬು ಹೇಳ್ಕೋತೀನಿ. ಬೇರೆಯವರ ಮನೆ ಪಿತೃಗಳಿಗೆ ಈ ಕೈಲಿ ಅಡುಗೆ ಮಾಡಿಲ್ಲ.”

“ನೀವು?”

“ನನಗೇನೇ ಆಗಿದೆ? ಗುಂಡುಕಲ್ಲಿನ ಹಾಗಿದೀನಿ.”

ಮೊರದಿಂದ ಒಂದು ಕಲ್ಲು ಆರಿಸಿ ಹಿತ್ತಲಿಗೆ ಎಸೆದರು. ‘ಯಶೋದಮ್ಮನ ಕೈ ಅಡುಗೆ’ ಎನ್ನುವ ಆ ಒಂದು ಮಾತನ್ನು ಅವರು ತಾವಾಗಿ ಬಿಟ್ಟುಕೊಟ್ಟಿದ್ದರು. ನನ್ನ ಹೊಟ್ಟೆ ತಣ್ಣಗಿರಲಿ ಎಂದು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತೂ ನನಗೆ ಅದು ಕಂಡಿರಲಿಲ್ಲ. ನನ್ನ ಕೈಯ ನೀರು ಅವರಿಗೆ ಬೇಡವಾಯಿತು ಎಂದುಕೊಂಡಿದ್ದೆನಲ್ಲ!

ಅಷ್ಟರಲ್ಲಿ ಮಗಳು ಕುಣಿಯುತ್ತಾ ಬಂದು “ಅಜ್ಜೀ, ನೀರು” ಎಂದಳು. “ನಲ್ಲಿ ಬಿಚ್ಚಿಟ್ಟಿದಾನೆ, ತಡಿ” ಎಂದರು ಅತ್ತೆ.

ಮಕ್ಸೂದ್ ಚೀಲದಿಂದ ಎರಡು ಬಿಲ್ಲೆ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದ. “ಈಗ ರಬ್ಬರೂ ಸಿಕ್ತದೆ ಅಮ್ಮಾವ್ರೇ. ಯಾವ್ದು ಆಕ್ಲಿ?”

“ಹೆಚ್ಚು ದಿನ ಬಾಳೋದು ಯಾವುದು?”

“ನಿಜ ಏಳ್ಬೇಕಂದ್ರೆ ಈ ರಬ್ಬರ್ ಒಸಿ ಕಳಪೆ. ತೊಗಲೇ ವಾಸಿ.”

“ಹಾಗಾದರೆ ಅದನ್ನೇ ಹಾಕು. ಪಂಕಜಾ, ನಿಮ್ಮ ಮಾವ ಕೇಳಿದರೆ ಏನು ಹೇಳ್ತೀಯ?”

“ಮರದ ಹಾಲು ಅಂತೀನಿ, ಅತ್ತೆ.”

ಅವರು ತಲೆಯಾಡಿಸಿ ಒಳಗೆ ಹೋದರು. ಮಕ್ಸೂದ್ ಬಿಗಿ ಮಾಡಿದ. ಮಗಳು ಗಿಂಡಿ ಹಿಡಿದು ಕುಡಿದಳು.

ಮಾರನೆಯ ಬೆಳಿಗ್ಗೆ ನಾನು ಅತ್ತೆಗಿಂತ ಮೊದಲು ಎದ್ದೆ. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯುಟ್ಟು, ಕಟ್ಟೆಯ ಮೇಲಿದ್ದ ಅವರ ಚೊಂಬು ತೆಗೆದುಕೊಂಡೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಈ ಸಲ ಅಡ್ಡ ಬರಲಿಲ್ಲ, ಪಕ್ಕಕ್ಕೆ ಸರಿದರು. ಯಾರ ಎದುರಿಗೂ ಸರಿದವರಲ್ಲ ಅವರು. ಮಗುವನ್ನು ಕಳೆದುಕೊಂಡ ಮೇಲೆ ನಾನು ಆ ಬಾವಿಯ ಕಡೆ ಹೋಗಿರಲೇ ಇಲ್ಲ. ಕಟ್ಟೆ ಹತ್ತಿ, ಹಗ್ಗ ಬಿಟ್ಟು, ಸೇದಿ, ದೇವರಿಗೂ ಮಾವನವರಿಗೂ ಸಾಲುವಷ್ಟು ನೀರು ತುಂಬಿಕೊಂಡು ಮನೆಗೆ ಬಂದೆ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹೋದವಳು ನಾನೇ.